ಹಾವಿಗೆ ತನ್ನ ವಿಷ ತಾಗದೆ?

ಹಾವುಗಳ ವಿಷಯ ಬಂದಾಗ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ನಾಗರಹಾವು ತನ್ನ ಬಾಲವನ್ನು ತಾನೇ ಕಚ್ಚಿಕೊಂಡರೆ ಸಾಯುತ್ತದೆಯೆ? 'ಹಾವಿಗೆ ಯಾವ ವಿಷವೂ ಏರದು' ಎಂದು ಕೆಲವರು ಹೇಳುತ್ತಾರೆ. 'ವಿಷ ಯಾರಿಗಾದರೂ ವಿಷವೇ, ಏಕೆ ಸಾಯದು?' ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಉತ್ತರಗಳಲ್ಲಿ ಅರ್ಧ ಸತ್ಯವಿದೆ. ಪೂರ್ಣ ಉತ್ತರಕ್ಕೆ ಹೊರಟರೆ ನಾವು ಜೀವರಸಾಯನ ವಿಜ್ಞಾನ, ನರಕ್ರಿಯೆ, ವಿಕಾಸ, ಕೊನೆಗೆ ಹಾವು ಕಡಿತದ ಚಿಕಿತ್ಸೆಯವರೆಗೆ ಹೋಗಬೇಕಾಗುತ್ತದೆ.

ಈ ಒಂದು ಪ್ರಶ್ನೆಯಲ್ಲಿ ವಾಸ್ತವವಾಗಿ ಮೂರು ಪ್ರಶ್ನೆಗಳು ಅಡಗಿವೆ. ವಿಷ ಏರಿದ ಬೇಟೆಯನ್ನು ನುಂಗಿದಾಗ ಹಾವಿಗೆ ಏನೂ ಆಗುವುದಿಲ್ಲವೇಕೆ? ದಿನಗಟ್ಟಲೆ ವಿಷವನ್ನು ತುಂಬಿಕೊಂಡಿರುವ ಗ್ರಂಥಿ ತಾನೇ ಹಾಳಾಗುವುದಿಲ್ಲವೇಕೆ? ವಿಷ ನೇರವಾಗಿ ಹಾವಿನ ರಕ್ತಕ್ಕೇ ಸೇರಿದರೆ ಏನಾಗುತ್ತದೆ? ಈ ಮೂರನ್ನೂ ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕು.

ನುಂಗಿದ ವಿಷ

ಹಾವಿನ ವಿಷದ ಬಹುಭಾಗ ಪ್ರೋಟೀನು. ಅದು ಒಂದೇ ವಸ್ತುವಲ್ಲ, ಹತ್ತಾರು ಬಗೆಯ ಪ್ರೋಟೀನುಗಳ ಮಿಶ್ರಣ. ಕೆಲವು ನರಗಳ ಮೇಲೆ ವರ್ತಿಸುತ್ತವೆ, ಕೆಲವು ರಕ್ತನಾಳಗಳ ಭಿತ್ತಿಯನ್ನು ಕರಗಿಸುತ್ತವೆ, ಕೆಲವು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತವೆ. ಇವು ಕೆಲಸ ಮಾಡಬೇಕಾದರೆ ಅಂಗಾಂಶದೊಳಕ್ಕೆ, ಅಲ್ಲಿಂದ ರಕ್ತ ಅಥವಾ ದುಗ್ಧರಸದೊಳಕ್ಕೆ ಸೇರಬೇಕು. ಜಠರಕ್ಕೆ ಹೋದರೆ ಅವುಗಳ ಗತಿ ನಾವು ತಿಂದ ಬೇಳೆಯ ಪ್ರೋಟೀನಿನ ಗತಿಯೇ. ಜೀರ್ಣರಸಗಳು ಅವನ್ನು ಅಮೈನೊ ಆಮ್ಲಗಳಾಗಿ ಒಡೆದುಬಿಡುತ್ತವೆ. ಆದ್ದರಿಂದ ಬೇಟೆಯ ಮೈಯಲ್ಲಿರುವ ವಿಷ ಹಾವಿಗೆ ಆಹಾರದ ಒಂದು ಅಂಶ ಮಾತ್ರ.

ಇದನ್ನು ಪ್ರಯೋಗದಿಂದ ತೋರಿಸಿದವನು ಇಟಲಿಯ ಫ್ರಾಂಚೆಸ್ಕೊ ರೇಡಿ. ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿ ಹುಟ್ಟುವುದಿಲ್ಲ ಎಂದು ಸಾಧಿಸಿದ ರೇಡಿಯೇ ಈತ. 1664ರಲ್ಲಿ ಪ್ರಕಟವಾದ ಅವನ ಗ್ರಂಥ ಮಂಡಲದ ಹಾವುಗಳನ್ನು ಕುರಿತದ್ದು. ಹಾವಿನ ವಿಷ ಅದರ ಪಿತ್ತದಲ್ಲಿದೆ ಎಂಬ ಅಂದಿನ ನಂಬಿಕೆಯನ್ನು ಅವನು ಅಲ್ಲಗಳೆದ. ವಿಷ ಗಾಯದ ಮೂಲಕ ಒಳಸೇರಿದರೆ ಮಾತ್ರ ಮಾರಕ, ನುಂಗಿದರೆ ಅಲ್ಲ ಎಂದು ತೋರಿಸಿದ. ಹಾವು ಹಿಡಿಯುವ ಯಾಕೊಪೊ ಸೊಟ್ಸಿ ಎಂಬಾತ ಎಲ್ಲರೆದುರು ವಿಷವನ್ನು ಕುಡಿದು ಏನೂ ಆಗದೆ ಉಳಿದದ್ದು ಆ ಕಾಲದ ಪ್ರಸಿದ್ಧ ಪ್ರಸಂಗ. ಯಾರೂ ಅನುಕರಿಸಬಾರದ ಪ್ರಯೋಗವಿದು! ಬಾಯಲ್ಲಿ ಚಿಕ್ಕ ಹುಣ್ಣಿದ್ದರೂ ಸಾಕು, ವಿಷ ರಕ್ತಕ್ಕೆ ಇಳಿಯಬಹುದು.

ಹಾವಿಗೂ ಇದೇ ಅಪಾಯವಿದೆ ಎಂಬುದನ್ನು ನೀವು ಊಹಿಸಬಲ್ಲಿರಿ. ಒದ್ದಾಡುವ ಇಲಿಯ ಉಗುರು, ಹಲ್ಲು, ಮೂಳೆಗಳು ಹಾವಿನ ಬಾಯಿಯನ್ನು ಗೀರುತ್ತವೆ. ಆ ಬಾಯಲ್ಲೇ ವಿಷವೂ ಇರುತ್ತದೆ. ಜೀರ್ಣಶಕ್ತಿಯೊಂದೇ ರಕ್ಷಣೆಯಾಗಿದ್ದರೆ ವಿಷದ ಹಾವುಗಳು ಭೂಮಿಯ ಮೇಲೆ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ.

ಗ್ರಂಥಿಯಲ್ಲಿ ನಿದ್ರಿಸುವ ವಿಷ

ವಿಷಗ್ರಂಥಿ ಬಾಯಿಯ ಗ್ರಂಥಿಯೊಂದರ ಮಾರ್ಪಾಡು. ನಮ್ಮ ಕಿವಿಯ ಕೆಳಗಿರುವ ಜೊಲ್ಲುಗ್ರಂಥಿಗೆ ಅದನ್ನು ಹೋಲಿಸಬಹುದು. ಅದರ ಒಳಪದರದ ಜೀವಕೋಶಗಳು ವಿಷವನ್ನು ತಯಾರಿಸಿ ಗ್ರಂಥಿಯ ಪೊಳ್ಳಿಗೆ ಸ್ರವಿಸುತ್ತವೆ. ಅಲ್ಲಿಂದ ನಾಳದ ಮೂಲಕ ವಿಷದ ಹಲ್ಲಿಗೆ ದಾರಿ. ಮಂಡಲಗಳ ವಿಷದಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಮೆಟಲೋಪ್ರೋಟಿನೇಸ್‌ಗಳೂ ಜೀವಕೋಶದ ಪೊರೆಯ ಕೊಬ್ಬನ್ನು ಒಡೆಯುವ ಫಾಸ್ಫೋಲೈಪೇಸ್‌ಗಳೂ ಹೇರಳವಾಗಿರುತ್ತವೆ. ಇಂತಹ ಕಿಣ್ವಗಳ ಸಾಂದ್ರ ದ್ರಾವಣ ವಾರಗಟ್ಟಲೆ ಸಂಗ್ರಹದಲ್ಲಿದ್ದರೂ ಗ್ರಂಥಿ ಕರಗುವುದಿಲ್ಲ, ಕಿಣ್ವಗಳೂ ಒಂದನ್ನೊಂದು ತಿಂದುಹಾಕುವುದಿಲ್ಲ. ಹೇಗೆ?

ಬುರುಡೆ ಹಾವು ಅಥವಾ ರ‍್ಯಾಟಲ್ ಹಾವುಗಳ ಅಧ್ಯಯನದಿಂದ ಇದಕ್ಕೆ ಉತ್ತರ ದೊರೆತಿದೆ. ಅವುಗಳ ಗ್ರಂಥಿಯಲ್ಲಿ ಮೈಟೊಕಾಂಡ್ರಿಯಗಳು ತುಂಬಿರುವ ವಿಶೇಷ ಜೀವಕೋಶಗಳಿವೆ. ಇವು ಆಮ್ಲವನ್ನು ಸ್ರವಿಸಿ ವಿಷದ ಪಿಎಚ್ ಮೌಲ್ಯವನ್ನು ಸುಮಾರು 5.4ರಲ್ಲಿ ಇರಿಸುತ್ತವೆ. ಅಷ್ಟು ಆಮ್ಲೀಯತೆಯಲ್ಲಿ ಅನೇಕ ಕಿಣ್ವಗಳು ನಿಷ್ಕ್ರಿಯ. ಎರಡನೆಯದಾಗಿ, ವಿಷದಲ್ಲಿ ಸಿಟ್ರೇಟ್ ಧಾರಾಳವಾಗಿದೆ. ಸಿಟ್ರೇಟ್ ಕ್ಯಾಲ್ಸಿಯಮ್ ಅಯಾನುಗಳನ್ನು ಹಿಡಿದಿಡುತ್ತದೆ. ಕ್ಯಾಲ್ಸಿಯಮ್ ಇಲ್ಲದೆ ಫಾಸ್ಫೋಲೈಪೇಸ್ ಕೆಲಸ ಮಾಡದು. (ರಕ್ತನಿಧಿಯ ಚೀಲದಲ್ಲಿ ರಕ್ತ ಹೆಪ್ಪುಗಟ್ಟದಿರಲು ಬಳಸುವುದೂ ಸಿಟ್ರೇಟನ್ನೇ, ಕಾರಣವೂ ಅದೇ.) ಮೂರನೆಯದಾಗಿ, ಮೂರೇ ಅಮೈನೊ ಆಮ್ಲಗಳಿಂದಾದ ಪುಟ್ಟ ಪೆಪ್ಟೈಡುಗಳು ಮೆಟಲೋಪ್ರೋಟಿನೇಸ್‌ಗಳ ಕ್ರಿಯಾಸ್ಥಾನದಲ್ಲಿ ಬಿರಡೆಯಂತೆ ಕುಳಿತಿರುತ್ತವೆ. ಅಲ್ಲದೆ ಮೆಟಲೋಪ್ರೋಟಿನೇಸ್ ತಯಾರಾಗುವಾಗಲೇ ಅದರೊಂದಿಗೆ ಅದನ್ನು ನಿಷ್ಕ್ರಿಯವಾಗಿಡುವ ಒಂದು ತುಂಡು ಅಂಟಿಕೊಂಡಿರುತ್ತದೆ. ಆ ತುಂಡು ಕತ್ತರಿಸಿಹೋದ ಮೇಲೆಯೇ ಕಿಣ್ವ ಸಿದ್ಧ.

ಕಚ್ಚಿದಾಗ ಚಿತ್ರ ಪೂರ್ಣ ಬದಲಾಗುತ್ತದೆ. ಬೇಟೆಯ ಅಂಗಾಂಶದ್ರವದ ಪಿಎಚ್ ಸುಮಾರು 7.4. ಅಲ್ಲಿ ಕ್ಯಾಲ್ಸಿಯಮ್ ಬೇಕಾದಷ್ಟಿದೆ. ವಿಷ ದ್ರವದಲ್ಲಿ ಬೆರೆತು ತೆಳುವಾಗುತ್ತದೆ, ಬಿರಡೆಗಳು ಕಳಚಿಕೊಳ್ಳುತ್ತವೆ, ಕಿಣ್ವಗಳು ಎಚ್ಚರಗೊಳ್ಳುತ್ತವೆ.

ಇದು ಹಾವಿಗಷ್ಟೇ ಗೊತ್ತಿರುವ ಉಪಾಯವಲ್ಲ. ನಿಮ್ಮ ಮೇದೋಜೀರಕ ಗ್ರಂಥಿಯೂ ಮಾಂಸವನ್ನು ಕರಗಿಸುವ ಟ್ರಿಪ್ಸಿನ್ ಕಿಣ್ವವನ್ನು ತಯಾರಿಸುತ್ತದೆ. ಆದರೆ ಅದನ್ನು ಟ್ರಿಪ್ಸಿನೊಜೆನ್ ಎಂಬ ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಜೊತೆಗೆ ಟ್ರಿಪ್ಸಿನ್‌ನ ಪ್ರತಿಬಂಧಕವನ್ನೂ ಬೆರೆಸಿ, ಸಣ್ಣ ಕರುಳಿಗೆ ಕಳುಹಿಸುತ್ತದೆ. ಈ ವ್ಯವಸ್ಥೆ ತಪ್ಪಿ ಕಿಣ್ವ ಗ್ರಂಥಿಯೊಳಗೇ ಎಚ್ಚರಗೊಂಡರೆ ಪ್ರಾಣಾಂತಿಕವಾಗಬಲ್ಲ ಮೇದೋಜೀರಕದ ಉರಿಯೂತ ಉಂಟಾಗುತ್ತದೆ. 'ಹಾವು ತನ್ನ ವಿಷದಿಂದ ಏಕೆ ಸಾಯುವುದಿಲ್ಲ?' ಎಂದು ಕೇಳುವ ವಿದ್ಯಾರ್ಥಿಯನ್ನು 'ನಿನ್ನ ಜೀರ್ಣರಸ ನಿನ್ನನ್ನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ?' ಎಂದು ಕೇಳಿ ನೋಡಿ.

ನೀವೇ ಮಾಡಿ ನೋಡಿ

ಆಮ್ಲ ಕಿಣ್ವವನ್ನು ತಡೆಯುವುದನ್ನು ಶಾಲೆಯಲ್ಲಿ ಅಪಾಯವಿಲ್ಲದೆ ತೋರಿಸಬಹುದು. ಬೇಕಾದದ್ದು ಜೊಲ್ಲು ಮತ್ತು ಅನ್ನದ ಗಂಜಿ ಮಾತ್ರ. ತೆಳುವಾದ ಗಂಜಿಯ ತಿಳಿಯನ್ನು ಎರಡು ಪ್ರನಾಳಗಳಲ್ಲಿ ಸಮನಾಗಿ ತೆಗೆದುಕೊಳ್ಳಿ. ಎರಡನೆಯ ಪ್ರನಾಳಕ್ಕೆ ಮಾತ್ರ ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿ ಕಲಕಿ. ಅನಂತರ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಜೊಲ್ಲು ಸೇರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ನಿಲ್ಲಿಸಿ. ಕೊನೆಗೆ ಎರಡಕ್ಕೂ ಒಂದೆರಡು ಹನಿ ಅಯೊಡೀನ್ ದ್ರಾವಣ ಹಾಕಿ. ಮೊದಲನೆಯದರಲ್ಲಿ ಪಿಷ್ಟ ಕರಗಿಹೋಗಿರುವುದರಿಂದ ನೀಲಿ ಬಣ್ಣ ಬರುವುದಿಲ್ಲ, ಅಥವಾ ತೀರ ಮಂಕಾಗಿರುತ್ತದೆ. ಎರಡನೆಯದರಲ್ಲಿ ಗಾಢ ನೀಲಿ ಬಣ್ಣ ಕಾಣುತ್ತದೆ. ಅಲ್ಲಿ ಜೊಲ್ಲಿನ ಅಮೈಲೇಸ್ ಕೆಲಸ ಮಾಡಿಲ್ಲ.

ಎರಡು ಎಚ್ಚರಿಕೆಗಳು: ಸಿಟ್ರಿಕ್ ಆಮ್ಲಕ್ಕೆ ಬದಲಾಗಿ ನಿಂಬೆರಸ ಬಳಸಬೇಡಿ. ಅದರಲ್ಲಿರುವ ಸಿ ಜೀವಸತ್ವ ಅಯೊಡೀನಿನ ಬಣ್ಣವನ್ನೇ ಅಳಿಸಿ ತಪ್ಪು ಫಲಿತಾಂಶ ಕೊಡುತ್ತದೆ. ಎರಡನೆಯದಾಗಿ, ಪ್ರಬಲ ಆಮ್ಲೀಯತೆಯಲ್ಲಿ ಅಮೈಲೇಸ್ ಶಾಶ್ವತವಾಗಿ ಕೆಡಬಹುದು. ವಿಷಗ್ರಂಥಿಯ ಆಮ್ಲ ಅಷ್ಟು ತೀಕ್ಷ್ಣವಲ್ಲ. ಅದು ಕಿಣ್ವವನ್ನು ಕೊಲ್ಲದೆ ಮಲಗಿಸುತ್ತದೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತಿಳಿಸಿ.

ವಿಷ ರಕ್ತಕ್ಕೆ ಸೇರಿದರೆ?

ಈಗ ಮೂರನೆಯ, ಕಠಿಣ ಪ್ರಶ್ನೆಗೆ ಬರೋಣ. ಇದನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಮೊದಲಿಗ ಇಟಲಿಯ ಫೆಲಿಚೆ ಫೊಂಟಾನ. 1767ರಲ್ಲಿ ಪ್ರಕಟವಾದ ಅವನ ಗ್ರಂಥದ ತೀರ್ಮಾನಗಳಲ್ಲಿ ಒಂದು: ಮಂಡಲದ ವಿಷ ಮಂಡಲಕ್ಕೆ ವಿಷವಲ್ಲ. ನೂರು ವರ್ಷಗಳ ಅನಂತರ ಕಲ್ಕತ್ತೆಯಲ್ಲಿದ್ದ ಬ್ರಿಟಿಷ್ ವೈದ್ಯ ಜೋಸೆಫ್ ಫೇರರ್ ಭಾರತದ ಹಾವುಗಳ ಮೇಲೆ ಪ್ರಯೋಗಗಳನ್ನು ನಡೆಸಿದ. ಅವನ ಬೃಹತ್ ಗ್ರಂಥ ಪ್ರಕಟವಾದದ್ದು 1872ರಲ್ಲಿ. ವಿಷದ ಹಾವು ತನ್ನನ್ನಾಗಲಿ ತನ್ನ ಜಾತಿಯ ಇನ್ನೊಂದು ಹಾವನ್ನಾಗಲಿ ವಿಷದಿಂದ ಕೊಲ್ಲಲಾರದು, ಬೇರೆ ಜಾತಿಯ ವಿಷದ ಹಾವುಗಳ ಮೇಲೆ ಅದರ ಪರಿಣಾಮ ಅಲ್ಪ, ಆದರೆ ವಿಷವಿಲ್ಲದ ಹಾವುಗಳು ಬೇಗ ಸಾಯುತ್ತವೆ ಎಂಬುದು ಅವನ ಅನುಭವ.

ಈ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಕಚ್ಚಿಸಿ ನೋಡುವ ಪ್ರಯೋಗದಲ್ಲಿ ಎಷ್ಟು ವಿಷ ಒಳಗೆ ಹೋಯಿತೆಂಬುದು ತಿಳಿಯುವುದಿಲ್ಲ. ಅಳತೆ ಮಾಡಿದ ವಿಷವನ್ನು ಚುಚ್ಚಿ ನೋಡಿದಾಗ ಬೇರೊಂದು ಸಂಗತಿ ಹೊರಬಿತ್ತು. ಇಲಿಯೊಂದನ್ನು ಕೊಲ್ಲುವ ಪ್ರಮಾಣದ ಎಷ್ಟೋ ಪಟ್ಟು ವಿಷವನ್ನು ಹಾವು ತಡೆದುಕೊಳ್ಳುತ್ತದೆ, ಆದರೆ ಪ್ರಮಾಣವನ್ನು ಹೆಚ್ಚಿಸುತ್ತ ಹೋದರೆ ಕೊನೆಗೆ ಹಾವೂ ಸಾಯುತ್ತದೆ. ಅಂದರೆ ಇದು ಅಭೇದ್ಯ ಕವಚವಲ್ಲ, ಎತ್ತರದ ಗೋಡೆ. ಆದ್ದರಿಂದ 'ಪ್ರತಿರಕ್ಷೆ' ಎಂಬ ಪದಕ್ಕಿಂತ 'ನಿರೋಧ' ಎಂಬ ಪದ ಇಲ್ಲಿ ಹೆಚ್ಚು ಸೂಕ್ತ. ಲಸಿಕೆಯಿಂದ ನಮಗೆ ದೊರೆಯುವ ಪ್ರತಿರಕ್ಷೆ ಗಳಿಸಿದ್ದು. ಹಾವಿನ ನಿರೋಧ ಹುಟ್ಟಿನಿಂದ, ಜೀನುಗಳ ಮೂಲಕ ಬಂದದ್ದು.

ಬಾಗಿಲಲ್ಲಿ ನಿಂತ ಕಾವಲುಗಾರ

ನಾಗರಹಾವಿನ ನಿರೋಧದ ಗುಟ್ಟು ಅರಿಯಲು ಅದರ ವಿಷ ಕೊಲ್ಲುವ ಬಗೆಯನ್ನು ಮೊದಲು ತಿಳಿಯಬೇಕು.

ನೀವು ಕೈ ಎತ್ತಬೇಕೆಂದಾಗ ನರದ ತುದಿ ಅಸಿಟೈಲ್‌ಕೋಲೀನ್ ಎಂಬ ಸಣ್ಣ ಅಣುಗಳನ್ನು ಬಿಡುಗಡೆ ಮಾಡುತ್ತದೆ. ನರ-ಸ್ನಾಯು ಸಂಧಿಯಲ್ಲಿ, ಸ್ನಾಯುವಿನ ಮೇಲೆ ಅದಕ್ಕೆಂದೇ ಗ್ರಾಹಕಗಳಿವೆ. ಗ್ರಾಹಕ ಐದು ಪ್ರೋಟೀನು ಘಟಕಗಳು ಸುತ್ತಲೂ ನಿಂತು ರೂಪಿಸಿದ ಒಂದು ದ್ವಾರ. ಅಸಿಟೈಲ್‌ಕೋಲೀನ್ ಬಂದು ಕುಳಿತರೆ ದ್ವಾರ ತೆರೆಯುತ್ತದೆ, ಅಯಾನುಗಳು ಒಳನುಗ್ಗುತ್ತವೆ, ಸ್ನಾಯು ಸಂಕುಚಿಸುತ್ತದೆ. ಬೀಗ ಮತ್ತು ಬೀಗದ ಕೈ ಎನ್ನಬಹುದು.

ನಾಗರ, ಕಾಳಿಂಗ, ಕಟ್ಟುಹಾವುಗಳ ಕುಟುಂಬದ ವಿಷದಲ್ಲಿ ಆಲ್ಫಾ ನರವಿಷಗಳೆಂಬ ಪ್ರೋಟೀನುಗಳಿವೆ. ಒಂದೊಂದರಲ್ಲಿ ಸುಮಾರು 60ರಿಂದ 75 ಅಮೈನೊ ಆಮ್ಲಗಳು. ಆಕಾರದಲ್ಲಿ ಮೂರು ಬೆರಳು ಚಾಚಿದಂತೆ. ಈ ಬೆರಳುಗಳು ಗ್ರಾಹಕದ ಕೀಲಿಕಿಂಡಿಯೊಳಗೆ ಭದ್ರವಾಗಿ ಸೇರಿಕೊಳ್ಳುತ್ತವೆ, ಆದರೆ ಬೀಗವನ್ನು ತೆರೆಯುವುದಿಲ್ಲ. ಅಸಿಟೈಲ್‌ಕೋಲೀನ್ ಬಂದರೆ ಅದಕ್ಕೆ ಜಾಗವಿಲ್ಲ. ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಇಂತಹ ಒಂದು ನರವಿಷವನ್ನು ಅಲ್ಲಿನ ಕಟ್ಟುಹಾವಿನಿಂದ 1963ರಲ್ಲಿ ಪ್ರತ್ಯೇಕಿಸಿದವರು ತೈವಾನಿನ ಚಾಂಗ್ ಮತ್ತು ಲೀ. ಗ್ರಾಹಕಕ್ಕೆ ಅದು ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ, ಆ ಗ್ರಾಹಕವನ್ನೇ ಗುರುತಿಸಿ ಪ್ರತ್ಯೇಕಿಸಲು ವಿಜ್ಞಾನಿಗಳಿಗೆ ಅದು ಗಾಳವಾಯಿತು.

ನಾಗರಹಾವಿಗೂ ನರವಿದೆ, ಸ್ನಾಯುವಿದೆ, ಅದೇ ಗ್ರಾಹಕವೂ ಇದೆ. ಹಾಗಾದರೆ ಅದರ ಬೀಗ ಬೇರೆಯೆ? 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೋಲ್ಟಾನ್ ಟಾಕಾಚ್ ಮತ್ತು ಸಂಗಡಿಗರು ಈಜಿಪ್ಟಿನ ನಾಗರಹಾವಿನ ಗ್ರಾಹಕವನ್ನು ಪರೀಕ್ಷಿಸಿದರು. ವಿಧಾನ ಸೊಗಸಾಗಿದೆ. ಇಲಿಯ ಗ್ರಾಹಕದಲ್ಲಿ ಅಸಿಟೈಲ್‌ಕೋಲೀನ್ ಕೂರುವ ಭಾಗಕ್ಕೆ ಬದಲಾಗಿ ನಾಗರಹಾವಿನ ಅದೇ ಭಾಗವನ್ನು ಜೋಡಿಸಿ, ಆ ಮಿಶ್ರ ಗ್ರಾಹಕ ಕಪ್ಪೆಯ ಅಂಡಾಣುವಿನಲ್ಲಿ ತಯಾರಾಗುವಂತೆ ಮಾಡಿದರು. ಅಸಿಟೈಲ್‌ಕೋಲೀನ್ ಹಾಕಿದಾಗ ಗ್ರಾಹಕ ಎಂದಿನಂತೆ ಕೆಲಸ ಮಾಡಿತು. ತೈವಾನಿನ ಕಟ್ಟುಹಾವಿನ ನರವಿಷ ಹಾಕಿದಾಗ ಅದರ ಮೇಲೆ ಪರಿಣಾಮವೇ ಆಗಲಿಲ್ಲ!

ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಚಿಕ್ಕ ಬದಲಾವಣೆ. ಗ್ರಾಹಕದ ಆಲ್ಫಾ ಘಟಕದ 189ನೆಯ ಸ್ಥಾನದಲ್ಲಿ ನಾಗರಹಾವಿಗೆ ಆಸ್ಪರಜೀನ್ ಎಂಬ ಅಮೈನೊ ಆಮ್ಲವಿದೆ. ಜೀವಕೋಶ ಅದಕ್ಕೆ ಒಂದು ಶರ್ಕರ ಸರಪಳಿಯನ್ನು ಜೋಡಿಸುತ್ತದೆ. ಕೀಲಿಕಿಂಡಿಯ ಬಾಗಿಲಲ್ಲೇ ನಿಂತ ಈ ದಪ್ಪ ಸರಪಳಿ ದೊಡ್ಡ ನರವಿಷವನ್ನು ಹತ್ತಿರ ಬಿಡುವುದಿಲ್ಲ. ಪುಟ್ಟ ಅಸಿಟೈಲ್‌ಕೋಲೀನ್ ಮಾತ್ರ ಸಂದಿಯಲ್ಲಿ ನುಸುಳಿಕೊಳ್ಳುತ್ತದೆ. ಸಂಶೋಧಕರು ಸರಪಳಿ ಅಂಟುವ ಆ ಗುರುತನ್ನು ಅಳಿಸಿದಾಗ ನಾಗರಹಾವಿನ ಗ್ರಾಹಕವೂ ಸಸ್ತನಿಗಳ ಗ್ರಾಹಕದಷ್ಟೇ ಸುಲಭವಾಗಿ ವಿಷಕ್ಕೆ ತುತ್ತಾಯಿತು.

ಈ ಫಲಿತಾಂಶದ ಅರ್ಥವನ್ನು ಗಮನಿಸಿ. ನಾಗರಹಾವು ಬೀಗವನ್ನು ಬದಲಾಯಿಸಿಕೊಂಡಿಲ್ಲ. ಬದಲಾಯಿಸಿದರೆ ತನ್ನ ಬೀಗದ ಕೈಯೇ ಹಿಡಿಸದೆ ಹೋಗುತ್ತಿತ್ತು. ಬಾಗಿಲಲ್ಲಿ ಕಾವಲುಗಾರನನ್ನು ಮಾತ್ರ ನಿಲ್ಲಿಸಿಕೊಂಡಿದೆ. ಆ ಒಂದು ಸರಪಳಿ ಇಲ್ಲದಿದ್ದರೆ ಅದರ ಸ್ನಾಯುವೂ ಅದರ ವಿಷಕ್ಕೆ ಇಲಿಯ ಸ್ನಾಯುವಿನಷ್ಟೇ ಸುಲಭದ ಗುರಿ. ಹೀಗಾಗಿ ವಿಷ ಎಂಬುದು ಒಂದು ಅಣುವಿನ ಗುಣ ಮಾತ್ರವಲ್ಲ. ಆ ಅಣು ಮತ್ತು ಅದರ ಗುರಿಯ ನಡುವಣ ಸಂಬಂಧ. ಗುರಿಯಲ್ಲಿ ಒಂದಿಷ್ಟು ಬದಲಾದರೆ ಅದೇ ಅಣು ನಿರಪಾಯ.

ಮುಂಗುಸಿಯ ಬೇರು ಯಾವುದು?

ಹಾವಿನೊಂದಿಗೆ ಸೆಣಸಿದ ಮುಂಗುಸಿ ಕಾಡಿಗೆ ಓಡಿ ಯಾವುದೋ ಬೇರನ್ನು ತಿಂದು ವಿಷ ಇಳಿಸಿಕೊಳ್ಳುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಆ ಬೇರು ಅದರ ಸ್ನಾಯುವಿನಲ್ಲೇ ಇದೆ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ಸಾರಾ ಫುಕ್ಸ್ ಅವರ ತಂಡ 1992ರಲ್ಲಿ ಮುಂಗುಸಿಯ ಗ್ರಾಹಕವನ್ನು ವಿಶ್ಲೇಷಿಸಿತು. ಅಲ್ಲಿಯೂ ಅದೇ ಜಾಗದ ಆಸುಪಾಸಿನಲ್ಲಿ, 187ನೆಯ ಸ್ಥಾನದಲ್ಲಿ, ಶರ್ಕರ ಸರಪಳಿಗೆ ನೆಲೆಯಿದೆ. ಹಾವು ಸರೀಸೃಪ, ಮುಂಗುಸಿ ಸಸ್ತನಿ. ಎರಡೂ ಸ್ವತಂತ್ರವಾಗಿ ಒಂದೇ ಉಪಾಯವನ್ನು ತಲುಪಿವೆ. ಇದನ್ನು ಏಕಮುಖ ವಿಕಾಸ ಎನ್ನುತ್ತಾರೆ.

2015ರಲ್ಲಿ ಅಮೆರಿಕದ ಸಂಶೋಧಕರು ತರಕರಡಿ, ಮೈಮುದುರುವ ಕಂಟಕಮೂಷಿಕ ಮತ್ತು ಹಂದಿ ಇವುಗಳಲ್ಲಿ ಇನ್ನೊಂದು ಉಪಾಯವನ್ನು ಗುರುತಿಸಿದರು. ಇವುಗಳ ಗ್ರಾಹಕದ 187ನೆಯ ಸ್ಥಾನದಲ್ಲಿ ಧನವಿದ್ಯುದಾವೇಶದ ಆರ್ಜಿನೀನ್ ಇದೆ. ನರವಿಷದ ಬೆರಳ ತುದಿಯಲ್ಲೂ ಧನಾವೇಶವೇ. ಸಮಾವೇಶಗಳು ವಿಕರ್ಷಿಸುತ್ತವೆ ಎಂದು ಭೌತವಿಜ್ಞಾನದ ತರಗತಿಯಲ್ಲಿ ಕಲಿತದ್ದು ಇಲ್ಲಿ ಜೀವ ಉಳಿಸುತ್ತದೆ.

ಹಾವಿನ ಬಾಯಿಗೆ ಸಿಗುತ್ತಿದ್ದ ಅಥವಾ ಹಾವನ್ನೇ ತಿನ್ನುತ್ತಿದ್ದ ಪ್ರಾಣಿಗಳಲ್ಲಿ ಇಂತಹ ಉತ್ಪರಿವರ್ತನೆ ಇದ್ದವು ಹೆಚ್ಚು ಉಳಿದವು, ಹೆಚ್ಚು ಮರಿ ಮಾಡಿದವು. ನಾಗರಹಾವಿನಲ್ಲೂ ಹೀಗೆಯೇ. ವಿಷ ಪ್ರಬಲವಾದಂತೆ ಕಾವಲಿಲ್ಲದ ಹಾವುಗಳು ತಮ್ಮ ವಿಷಕ್ಕೇ ಬಲಿಯಾಗುವ ಸಂಭವ ಹೆಚ್ಚು. ಆದ್ದರಿಂದ ವಿಷ ಮತ್ತು ನಿರೋಧ ಜೊತೆಜೊತೆಯಾಗಿ ವಿಕಾಸ ಹೊಂದಿರಬೇಕು.

ಮಂಡಲಗಳ ರಕ್ತದಲ್ಲಿ ಏನಿದೆ?

ಕೊಳಕುಮಂಡಲದಂತಹ ಹಾವುಗಳಿಗೆ ಗ್ರಾಹಕದ ಕಾವಲು ಸಾಲದು. ಅವುಗಳ ವಿಷ ಒಂದೇ ಬೀಗವನ್ನು ಗುರಿಯಾಗಿಸುವುದಿಲ್ಲ. ರಕ್ತ, ರಕ್ತನಾಳ, ಸ್ನಾಯುಗಳೆಲ್ಲ ಗುರಿಗಳೇ. ಎಲ್ಲ ಕಡೆಯೂ ಕಾವಲು ನಿಲ್ಲಿಸುವುದಕ್ಕಿಂತ ವಿಷವನ್ನೇ ದಾರಿಯಲ್ಲಿ ಹಿಡಿಯುವುದು ಲೇಸು. ಮಂಡಲ ಕುಟುಂಬದ ಹಾವುಗಳು ಅನುಸರಿಸಿರುವುದು ಈ ಮಾರ್ಗವನ್ನು.

ಜಪಾನಿನ ದಕ್ಷಿಣ ದ್ವೀಪಗಳಲ್ಲಿ ಹಾಬು ಎಂಬ ಗುಳಿಮಂಡಲವಿದೆ. ಅದರ ರಕ್ತಸಾರದಿಂದ ರಕ್ತಸ್ರಾವವನ್ನು ತಡೆಯುವ ಒಂದು ಪ್ರೋಟೀನನ್ನು ಅಲ್ಲಿನ ವಿಜ್ಞಾನಿಗಳು 1972ರಲ್ಲಿ ಶುದ್ಧೀಕರಿಸಿದರು. ಅದು ಮೆಟಲೋಪ್ರೋಟಿನೇಸ್‌ಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಫಾಸ್ಫೋಲೈಪೇಸ್‌ಗಳನ್ನು ಹಿಡಿಯುವ ಬೇರೆ ಪ್ರೋಟೀನುಗಳೂ ಅನೇಕ ಹಾವುಗಳ ರಕ್ತದಲ್ಲಿ ಪತ್ತೆಯಾಗಿವೆ. ಆಲ್ಫಾ, ಬೀಟಾ, ಗಾಮಾ ಎಂದು ಅವುಗಳಲ್ಲಿ ಮೂರು ಬಗೆ. ತಯಾರಾಗುವುದು ಯಕೃತ್ತಿನಲ್ಲಿ. ದಕ್ಷಿಣ ಅಮೆರಿಕದ ಬುರುಡೆ ಹಾವಿನ ವಿಷದಲ್ಲಿ ಕ್ರೊಟಾಕ್ಸಿನ್ ಎಂಬ ಜೋಡಿ ಪ್ರೋಟೀನಿದೆ. ಅದರ ರಕ್ತದಲ್ಲಿರುವ ಪ್ರತಿಬಂಧಕ ಈ ಜೋಡಿಯನ್ನು ಬೇರ್ಪಡಿಸಿ, ಮಾರಕವಾದ ಘಟಕವನ್ನು ತಾನೇ ಅಪ್ಪಿಕೊಂಡುಬಿಡುತ್ತದೆ.

ಉತ್ತರ ಅಮೆರಿಕದ ಬುರುಡೆ ಹಾವೊಂದರಲ್ಲಿ ಇಂತಹ ಮತ್ತೊಂದು ಪ್ರೋಟೀನನ್ನು 2022ರಲ್ಲಿ ವರದಿ ಮಾಡಲಾಯಿತು. ಅದು ಒಂದೆರಡನ್ನಲ್ಲ, ಅನೇಕ ಮೆಟಲೋಪ್ರೋಟಿನೇಸ್‌ಗಳನ್ನು ಒಟ್ಟಿಗೇ ತಡೆಯುತ್ತದೆ. ಕುತೂಹಲದ ಸಂಗತಿಯೆಂದರೆ ಅದು ಹೊಸದಾಗಿ ಸೃಷ್ಟಿಯಾದದ್ದಲ್ಲ. ಫೀಟುಯಿನ್ ಎಂಬ, ನಮ್ಮ ರಕ್ತದಲ್ಲೂ ಇರುವ ಪ್ರೋಟೀನುಗಳ ಕುಟುಂಬಕ್ಕೆ ಸೇರಿದೆ. ಹಾಬುವಿನ ಪ್ರೋಟೀನೂ ಇದೇ ಬಳಗದ್ದು. ಮನೆಯಲ್ಲಿದ್ದ ಹಳೆಯ ಸಾಮಾನನ್ನು ಹೊಸ ಕೆಲಸಕ್ಕೆ ಒಗ್ಗಿಸಿಕೊಳ್ಳುವುದು ವಿಕಾಸದ ಎಂದಿನ ರೀತಿ.

ಕಟ್ಟುಹಾವಿನದು ಎರಡರ ನಡುವಣ ಸ್ಥಿತಿ. ಅದರ ವಿಷದಲ್ಲಿ ಗ್ರಾಹಕವನ್ನು ಮುಚ್ಚುವ ನರವಿಷವೂ ಇದೆ, ನರದ ತುದಿಯನ್ನೇ ಹಾಳುಗೆಡಹುವ ಫಾಸ್ಫೋಲೈಪೇಸ್ ನರವಿಷವೂ ಇದೆ. ಎರಡನೆಯದರ ಮುಂದೆ ಗ್ರಾಹಕದ ಕಾವಲುಗಾರ ನಿರುಪಯೋಗಿ. ಒಂದೊಂದು ವಿಷಕ್ಕೂ ಒಂದೊಂದು ಬಗೆಯ ರಕ್ಷಣೆ ಬೇಕು ಎಂಬುದಕ್ಕೆ ಇದು ಉದಾಹರಣೆ.

ನಿರೋಧಕ್ಕೂ ಮಿತಿಯುಂಟು

ಇಷ್ಟನ್ನು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರಿಸಬಹುದು. ನಾಗರಹಾವು ತನ್ನನ್ನು ತಾನೇ ಕಚ್ಚಿಕೊಂಡರೆ ವಿಷದಿಂದ ಸಾಯುವ ಸಂಭವ ಬಹಳ ಕಡಮೆ. ಆದರೆ ಮೂರು ಮಾತುಗಳನ್ನು ಸೇರಿಸಬೇಕು.

ಒಂದು, ಕಡಿತವೆಂದರೆ ವಿಷ ಮಾತ್ರವಲ್ಲ. ವಿಷದ ಹಲ್ಲು ಹೃದಯಕ್ಕೋ ಯಕೃತ್ತಿಗೋ ನಾಟಿದರೆ ಆ ಗಾಯದಿಂದಲೇ ಹಾವು ಸಾಯಬಹುದು. ಗಾಯ ಕೀವುಗಟ್ಟಿಯೂ ಸಾಯಬಹುದು. ಗಂಡು ಕಾಳಿಂಗಗಳು ಹೆಣ್ಣಿಗಾಗಿ ಸೆಣಸುವಾಗ ಕಚ್ಚಾಡುವುದಿಲ್ಲ, ಮೈ ಹೆಣೆದುಕೊಂಡು ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತುತ್ತವೆ. ಸಮಬಲರ ಜಗಳದಲ್ಲಿ ಹಲ್ಲನ್ನು ಬಳಸದಿರುವುದು ಇಬ್ಬರಿಗೂ ಕ್ಷೇಮ.

ಎರಡು, ನಿರೋಧ ಪ್ರಮಾಣವನ್ನು ಅವಲಂಬಿಸಿದೆ. ರಕ್ತದಲ್ಲಿರುವ ಪ್ರತಿಬಂಧಕ ಅಣುಗಳ ಸಂಖ್ಯೆ ಪರಿಮಿತ. ಅವೆಲ್ಲ ಮುಗಿದ ಮೇಲೆ ಉಳಿದ ವಿಷ ತನ್ನ ಕೆಲಸ ಮಾಡುತ್ತದೆ.

ಮೂರು, ನಿರೋಧ ಎಲ್ಲ ವಿಷಗಳಿಗೂ ಅನ್ವಯಿಸುವುದಿಲ್ಲ. ನಾಗರಹಾವಿನ ಶರ್ಕರ ಸರಪಳಿ ಆಲ್ಫಾ ನರವಿಷಕ್ಕೆ ಅಡ್ಡಿಯೇ ಹೊರತು ಕೊಳಕುಮಂಡಲದ ಕಿಣ್ವಗಳಿಗಲ್ಲ. ಕಾಳಿಂಗದ ಮುಖ್ಯ ಆಹಾರ ಹಾವುಗಳು. ನಾಗರಹಾವನ್ನೂ ಅದು ತಿನ್ನುತ್ತದೆ. ಆದರೆ ವಿಷವಿಲ್ಲದ ಕೇರೆಹಾವು ಕಾಳಿಂಗದ ಒಂದು ಕಡಿತಕ್ಕೇ ಸೋಲುತ್ತದೆ. (ಪಶ್ಚಿಮ ಘಟ್ಟಗಳ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಲಾಗಿ, ಅದಕ್ಕೆ ಒಫಿಯೊಫೇಗಸ್ ಕಾಳಿಂಗ ಎಂಬ ಕನ್ನಡದ ಹೆಸರನ್ನೇ ಇಡಲಾಗಿದೆ.)

ಇದರಿಂದ ನಮಗೇನು?

ಮನುಷ್ಯನ ಗ್ರಾಹಕದ ಬಾಗಿಲಲ್ಲಿ ಕಾವಲುಗಾರನಿಲ್ಲ, ರಕ್ತದಲ್ಲಿ ಹಾಬುವಿನ ಪ್ರೋಟೀನೂ ಇಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ನಮಗಿರುವ ಮದ್ದು ಪ್ರತಿವಿಷ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಅವನ್ನು ಬೇರ್ಪಡಿಸಿ ರೋಗಿಗೆ ಕೊಡುತ್ತಾರೆ. 1894ರಲ್ಲಿ ಫ್ರಾನ್ಸಿನಲ್ಲಿ ಕಾಲ್ಮೆಟ್ ಹಾಗೂ ಅದೇ ಸಮಯದಲ್ಲಿ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ತೋರಿಸಿಕೊಟ್ಟ ತತ್ತ್ವವಿದು. ಕುದುರೆ ಗಳಿಸಿದ ಪ್ರತಿರಕ್ಷೆ ನಮಗೆ ಎರವಲು ದೊರೆಯುತ್ತದೆ.

ಹಾವಿನ ನಿರೋಧದ ಅಧ್ಯಯನ ಹೊಸ ದಾರಿಗಳನ್ನು ತೋರಿಸುತ್ತಿದೆ. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಆಲ್ಫಾ ನರವಿಷಗಳ ಒಂದು ಮುಖ್ಯ ಗುಂಪನ್ನು ಹಿಡಿಯುವ ಮಾನವ ಪ್ರತಿಕಾಯವನ್ನು ಕೃತಕವಾಗಿ ತಯಾರಿಸಿ ಇಲಿಗಳಲ್ಲಿ ಪರೀಕ್ಷಿಸಿದರು. ಅದು ನರವಿಷವನ್ನು ಹಿಡಿಯುವ ರೀತಿ ನಮ್ಮ ಗ್ರಾಹಕದ ಹಿಡಿತವನ್ನೇ ಹೋಲುತ್ತದೆ. ಅಂದರೆ ವಿಷಕ್ಕೆ ಒಂದು ನಕಲಿ ಬೀಗವನ್ನು ಒಡ್ಡಿದಂತೆ! ಫಾಸ್ಫೋಲೈಪೇಸ್‌ಗಳನ್ನು ತಡೆಯುವ ವಾರೆಸ್ಪ್ಲಾಡಿಬ್ ಎಂಬ ಸಣ್ಣ ಅಣುವಿನ ಪರೀಕ್ಷೆಗಳೂ ನಡೆದಿವೆ. ಗ್ರಂಥಿಯಲ್ಲಿ, ರಕ್ತದಲ್ಲಿ ಹಾವು ಮಾಡುತ್ತಿರುವ ಕೆಲಸವನ್ನೇ ಇವು ಬೇರೆ ರೀತಿಯಲ್ಲಿ ಮಾಡುತ್ತವೆ.

ಬೀಗದ ಕಥೆ ಇಂದಿನ ಚಿಕಿತ್ಸೆಯಲ್ಲೂ ಉಪಯುಕ್ತ. ನಾಗರಹಾವು ಕಡಿದವರಿಗೆ ಪ್ರತಿವಿಷದ ಜೊತೆಗೆ ವೈದ್ಯರು ನಿಯೋಸ್ಟಿಗ್ಮಿನ್ ಕೊಡುವುದುಂಟು. ಅದು ಅಸಿಟೈಲ್‌ಕೋಲೀನ್ ಒಡೆದುಹೋಗುವುದನ್ನು ತಡೆಯುತ್ತದೆ. ಬೀಗದ ಕೈಗಳ ಸಂಖ್ಯೆ ಹೆಚ್ಚಿದರೆ ಇನ್ನೂ ಮುಚ್ಚದೆ ಉಳಿದ ಬೀಗಗಳು ತೆರೆಯುವ ಸಂಭವ ಹೆಚ್ಚುತ್ತದೆ. ಕಟ್ಟುಹಾವಿನ ಕಡಿತದಲ್ಲಿ ನರದ ತುದಿಯೇ ಹಾಳಾಗಿರುವುದರಿಂದ ಇದರ ಪ್ರಯೋಜನ ಕಡಮೆ. ಏಕೆಂದು ಈಗ ನೀವೇ ವಿವರಿಸಬಲ್ಲಿರಿ.

ಉಪಾಧ್ಯಾಯರು ತರಗತಿಯಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಮುಂಗುಸಿಯ ನಿರೋಧ ಯಾವ ಬೇರಿನಿಂದಲೂ ಬಂದದ್ದಲ್ಲವಾದ್ದರಿಂದ ಯಾವ ಬೇರನ್ನು ಅರೆದು ಕುಡಿದರೂ ಅದು ನಮಗೆ ಬರುವುದಿಲ್ಲ. ಹಾವಿನ ನಿರೋಧ ಅದರ ಜೀನುಗಳಲ್ಲಿದೆ. ಹಾವು ಹಿಡಿಯುವ ಅನುಭವದಿಂದಾಗಲಿ ಒಂದೆರಡು ಬಾರಿ ಕಚ್ಚಿಸಿಕೊಂಡು ಬದುಕಿದ್ದರಿಂದಾಗಲಿ ಯಾರೂ ಅದನ್ನು ಪಡೆಯಲಾರರು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬೇಡಿ, ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ದಬ್ಬೆ ಕಟ್ಟಿ, ರೋಗಿಗೆ ಧೈರ್ಯ ಹೇಳಿ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೆ ಸಾಗಿಸಿ. ನಾಗರಹಾವಿಗೆ ಹುಟ್ಟಿನಿಂದಲೇ ಬಂದ ಕಾವಲನ್ನು ನಾವು ಆಸ್ಪತ್ರೆಯಲ್ಲಿ ಪಡೆಯಬೇಕು. ತಡವಾದಷ್ಟೂ ವಿಷ ಹಿಡಿದ ಬೀಗಗಳ ಸಂಖ್ಯೆ ಹೆಚ್ಚುತ್ತದೆ.